ಹೊಸದು ಬರುವ ಮೊದಲು ಹಳೆಯದರ ಲೆಕ್ಕ

ಅಳಿಯಾ,

ದೀಪಾವಳಿ ಪಾಡ್ಯಕ್ಕೆ ಅಂಗಡಿಗೆ ಹೊಸ ಕಂಪ್ಯೂಟರ್ ಇಳಿಸುತ್ತೀಯಂತೆ, ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಭಾಳ ಸಂತೋಷ ಆಯಿತು. ಯಾವ ಕಂಪನಿಯದು ತಗೋ, ರ್‍ಯಾಮ್ ಎಷ್ಟಿರಲಿ, ಕಂತು ಎಷ್ಟು ತಿಂಗಳದು ಎಂದು ನಾನು ಹೇಳುವವನಲ್ಲ. ಅದೆಲ್ಲ ನನಗಿಂತ ನಿನಗೇ ತಿಳಿದದ್ದು. ನಾನು ಕೇಳುವುದು ಹಿಂದಿನ ಕೋಣೆಯ ಸಮಾಚಾರ. ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಸಿಪಿಯು ಡಬ್ಬಿಗಳು, ಮನೆಯ ಅಟ್ಟದ ಮೇಲೆ ಗೋಣಿಚೀಲ ಹೊದಿಸಿಟ್ಟ ದಪ್ಪ ಮಾನಿಟರುಗಳು, ಮೂಲೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡ ಯುಪಿಎಸ್ ಬ್ಯಾಟರಿ, ಕೀಬೋರ್ಡು ವೈರುಗಳ ಗಂಟು. ಇವುಗಳ ಲೆಕ್ಕ ಹೊಸದು ಬರುವ ಮೊದಲೇ ಮುಗಿಯಬೇಕು. ಬಂದ ಮೇಲೆ ನೋಡಿದರಾಯಿತು ಅಂದರೆ ಅದು ಮುಗಿಯುವುದಿಲ್ಲ.

ಯಾಕೆ ಅಂತ ಕೇಳು. ಹೊಸ ಮಷೀನು ಮೇಜಿನ ಮೇಲೆ ಕೂತ ದಿನವೇ ಹಳೆಯದಕ್ಕೆ ಕರೆಂಟು ತಪ್ಪುತ್ತದೆ. ಅದರ ಕೇಬಲ್ಲು ಹೊಸದಕ್ಕೆ ಹೋಗುತ್ತದೆ, ರ್‍ಯಾಮ್ ಕಿತ್ತು ಇನ್ನೊಂದಕ್ಕೆ ಹಾಕುತ್ತಾರೆ, ಎಸ್‌ಎಂಪಿಎಸ್ಸನ್ನು ಪಕ್ಕದ ಅಂಗಡಿಯವನು ಇವತ್ತೊಂದಿನ ಕೊಡು ಅಂತ ಒಯ್ಯುತ್ತಾನೆ. ಕೆಲವು ತಿಂಗಳ ಮೇಲೆ ಯಾರೋ ಹಿರಿಯರು ಬಂದು, "ತಮ್ಮಾ, ಹ್ವಾದ ವರ್ಷ ನಿನ್ನ ಕಡೆ ಅರ್ಜಿ ಮಾಡಿಸಿದ್ನಿ, ಅದರ ಕಾಪಿ ಬೇಕಾಗೇತಿ" ಅಂತಾರೆ. ಕಾಪಿ ಇರುವುದು ಹಳೆಯ ಡಬ್ಬಿಯಲ್ಲಿ. ಡಬ್ಬಿ ಚಾಲೂ ಆಗುವುದಿಲ್ಲ. ಮಷೀನಿಗೆ ಜೀವ ಇರುವಾಗಲೇ ಅದರೊಳಗಿಂದ ತೆಗೆಯುವುದನ್ನು ತೆಗೆದು, ಅಳಿಸುವುದನ್ನು ಅಳಿಸಿ, ಅದನ್ನು ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸಬೇಕು. ಸತ್ತ ಮೇಲೆ ಈ ಮೂರರಲ್ಲಿ ಒಂದೂ ನೆಟ್ಟಗೆ ಆಗುವುದಿಲ್ಲ.

ನಾನು ಹೊಟ್ಟೆ ಹೊರೆದದ್ದು ಆಲಮಟ್ಟಿ ಅಣೆಕಟ್ಟು ಕೆಲಸದ ಸರಕಾರಿ ಸ್ಟೋರಿನಲ್ಲಿ, ಅದಕ್ಕೇ ಈ ಮಾತು. ಆ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು. ನಡುವೆ ನಲವತ್ತೆರಡು ವರ್ಷ. ಇಷ್ಟು ಉದ್ದದ ಕೆಲಸದಲ್ಲಿ ಸಾಮಾನು ಒಳಗೆ ಬರುವುದಕ್ಕೆ ನೂರು ದಾರಿ, ಹೊರಗೆ ಹೋಗುವುದಕ್ಕೆ ಒಂದೂ ಇಲ್ಲ. ಇಂಡೆಂಟ್ ಹಾಕಿದರೆ ಹೊಸದು ಬಂದೇ ಬರುತ್ತದೆ. ಹಳೆಯದನ್ನು ಸಾಗಹಾಕಬೇಕೆಂದರೆ ಒಂದು ಸಮಿತಿ, ನಾಲ್ಕು ಸಹಿ, ಮೇಲೆ ಆಡಿಟಿನವರ ಭಯ. ಹೀಗಾಗಿ ಬಿನ್ ಕಾರ್ಡಿನಲ್ಲಿ ಹೆಸರು ಉಳಿಯುತ್ತದೆ, ರ್‍ಯಾಕಿನಲ್ಲಿ ಸಾಮಾನು ಉಳಿಯುತ್ತದೆ, ಅದನ್ನು ತರಿಸಿದ ಸಾಹೇಬರು ಮಾತ್ರ ನಿವೃತ್ತರಾಗಿ ಊರು ಸೇರಿರುತ್ತಾರೆ. ಸುಮ್ಮನೆ ಬಿದ್ದ ಸಾಮಾನಿಗೆ ಖರ್ಚಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಬಿದ್ದಷ್ಟು ದಿನವೂ ಅದರ ಬೆಲೆ ಇಳಿಯುತ್ತಿರುತ್ತದೆ. ಕಂಪ್ಯೂಟರಿನ ಮಟ್ಟಿಗಂತೂ ಇದು ಇನ್ನೂ ನಿಜ. ಇವತ್ತು ಚಾಲೂ ಇರುವ ಮಷೀನಿಗೆ ಕೊಳ್ಳುವವನಿದ್ದಾನೆ. ಮೂರು ಬೇಸಿಗೆ ಅಟ್ಟದ ಮೇಲೆ ಎರೆಮಣ್ಣಿನ ಧೂಳು ಕುಡಿದ ಮೇಲೆ ಅದನ್ನು ಕೇಳುವವನು ಹಳೇ ಸಾಮಾನು ಕೊಳ್ಳುವ ಮೋಡಕಾದವನೊಬ್ಬನೇ, ಅದೂ ಕಿಲೋ ಲೆಕ್ಕದಲ್ಲಿ.

ನಿನಗೆ ಆಡಿಟಿನ ಭಯವಿಲ್ಲ. ಆದರೂ ನೀನು ಕೂಡಿಡುತ್ತೀ. ನನಗೆ ಗೊತ್ತು, ವರ್ಷಾ ಖಂಡೇ ಪೂಜೆಗೆ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆದ ಡಬ್ಬಿ ಅದು. ತೆಗೆದು ಎಸೆಯಲು ಕೈ ಬರುವುದಿಲ್ಲ. ಮೊದಲ ಮಷೀನಿಗೆ ನಿಮ್ಮವ್ವ ಬೋರಮಾಳ ಒತ್ತೆ ಇಟ್ಟಿದ್ದಳು, ಅದೂ ಮನಸ್ಸಿನಲ್ಲಿದೆ. ಅದರ ಮೇಲೆ ನಮ್ಮ ಕಡೆಯ ಜಾಣತನದ ಮಾತು ಬೇರೆ: ಇರಲಿ ಬಿಡು, ನಾಳೆ ಬೇಕಾದೀತು. ಹತ್ತು ವರ್ಷದ ಹಿಂದಿನ ಮದರ್‌ಬೋರ್ಡಿನ ಬಿಡಿಭಾಗ ಹೊಸ ಮಷೀನಿಗೆ ಕೂಡುವುದಿಲ್ಲವೆಂದು ನಿನಗೆ ಗೊತ್ತಿದ್ದೂ ಆ ನಾಳೆ ಬರಲಿ ಅಂತ ಕಾಯುತ್ತೀ. ಉಳಿತಾಯ ಅಂದರೆ ಇದಲ್ಲ ಮಗಾ. ಬನವಾಸಿಯಲ್ಲಿ ಹುಟ್ಟಿ, 1927ರಲ್ಲಿ ಆಲಮಟ್ಟಿಗೆ ಬಂದು ವಿದ್ಯಾಲಯ ಕಟ್ಟಿದ ಹರ್ಡೇಕರ ಮಂಜಪ್ಪನವರನ್ನು ನಮ್ಮ ಜನ ಕರ್ನಾಟಕದ ಗಾಂಧಿ ಅನ್ನುತ್ತಾರೆ. ಅವರ ಸರಳತೆಯನ್ನು ನಮ್ಮಲ್ಲಿ ಎಲ್ಲರೂ ಹೊಗಳುತ್ತೇವೆ. ಹೊಗಳುತ್ತಲೇ ಮನೆ ತುಂಬ ಮುರುಕು ಸಾಮಾನು ಒಟ್ಟುತ್ತೇವೆ. ಸರಳವಾಗಿ ಬದುಕಿದವರ ಮನೆಯಲ್ಲಿ ಅಟ್ಟ ಖಾಲಿ ಇರುತ್ತದೆ.

ಮುಳುಗಡೆಯ ಕಾಲ ನೆನಪು ಮಾಡಿಕೊಳ್ಳುತ್ತೇನೆ, ನೀನು ಆಗ ಇನ್ನೂ ಹುಟ್ಟಿರಲಿಲ್ಲ. ಹಿನ್ನೀರು ಬರುತ್ತದೆ, ಊರು ಬಿಡಬೇಕು ಎಂದಾಗ ಮಂದಿ ಎರಡು ಥರ ಆದರು. ಕೆಲವರು ನೀರು ದೂರ ಇರುವಾಗಲೇ ಮಾಳಿಗೆ ಬಿಚ್ಚಿ ಸಾಗುವಾನಿ ತೊಲೆ, ಕಂಬ, ತಲೆಬಾಗಿಲ ಚೌಕಟ್ಟು ಎಣಿಸಿ ಗಾಡಿಗೆ ಹಾಕಿದರು. ಗೆದ್ದಲು ಹಿಡಿದದ್ದನ್ನು ಅಲ್ಲೇ ಬಿಟ್ಟರು. ಇನ್ನು ಕೆಲವರು ಕೊನೆಯ ದಿನದ ತನಕ ಕೂತು, ನೀರು ಹಿತ್ತಿಲಿಗೆ ಬಂದ ಮೇಲೆ ಕೈಗೆ ಸಿಕ್ಕದ್ದನ್ನು ಒಟ್ಟಿಕೊಂಡು ಹೊರಟರು. ಪುನರ್ವಸತಿ ಕೇಂದ್ರಕ್ಕೆ ಬಂದು ಗಂಟು ಬಿಚ್ಚಿದಾಗ ಒಡಕು ಗಡಿಗೆ ಬಂದಿತ್ತು, ಹೊಲದ ಕಾಗದದ ಟ್ರಂಕು ಬಂದಿರಲಿಲ್ಲ. ನಿನ್ನ ಹಿಂದಿನ ಕೋಣೆಯನ್ನು ಮೊದಲಿನವರ ಹಾಗೆ ಖಾಲಿ ಮಾಡು ಅನ್ನುವುದಷ್ಟೇ ನನ್ನ ಮಾತು.

ಮೊದಲು ವಿಂಗಡಿಸು. ಈಗ ಎಲ್ಲರೂ ಒಮ್ಮೆಗೇ ಮಷೀನು ಬದಲಿಸಲು ಹೊರಟಿರುವುದಕ್ಕೆ ಕಾರಣ ನಿನಗೂ ಗೊತ್ತು. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿ, 2020ರ ಜನವರಿಯಲ್ಲಿ ವಿಂಡೋಸ್ 7, ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10. ಒಂದೊಂದಕ್ಕೂ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದಾಗ ಒಂದು ರಾಶಿ ಹಳೆಯದಾಗುತ್ತದೆ. ಈ ಸಲದ ತೊಡಕು ಏನೆಂದರೆ, ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಇಲ್ಲವೇ ಅದಕ್ಕಿಂತ ಹೊಸದು ಬೇಕು. 2016ರಲ್ಲಿ ಕೊಂಡ ಗಟ್ಟಿಮುಟ್ಟಾದ ಮಷೀನೂ ಆ ಬಾಗಿಲಲ್ಲಿ ನಿಂತುಬಿಡುತ್ತದೆ. ಅಂದರೆ ಅದು ನಿನ್ನ ಅಂಗಡಿಯ ಕೆಲಸಕ್ಕೆ, ಮಂದಿಯ ಬ್ಯಾಂಕು ಆಧಾರ್ ವ್ಯವಹಾರಕ್ಕೆ ಸಲ್ಲದು. ಸತ್ತುಹೋಯಿತು ಅಂತಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ಒಂದೇ ಚೀಲಕ್ಕೆ ತುಂಬಬೇಡ. ಒಂದೊಂದನ್ನೂ ಮೇಜಿನ ಮೇಲಿಟ್ಟು ಚಾಲೂ ಮಾಡು. ಚಾಲೂ ಆಗುವುದು, ಕೊಂಚ ಖರ್ಚು ಮಾಡಿದರೆ ಆಗುವುದು, ಯಾವ ಕಾಲಕ್ಕೂ ಆಗದ್ದು ಎಂದು ಚಾಕ್‌ಪೀಸಿನಲ್ಲಿ ಬರೆದು ಬೇರೆ ಬೇರೆ ಇಡು. ಒಂದು ಹಳೆಯ ನೋಟುಬುಕ್ಕಿನಲ್ಲಿ ಸೀರಿಯಲ್ ನಂಬರು, ಕೊಂಡ ವರ್ಷ, ಹಾರ್ಡ್ ಡಿಸ್ಕ್ ಇದೆಯೋ ಇಲ್ಲವೋ ಎಂದು ಬರೆ. ಕೊನೆಯದನ್ನು ಬರೆಯಲು ಮರೆಯಬೇಡ, ಯಾಕೆಂದರೆ ಭಯ ಇರುವುದೆಲ್ಲ ಆ ಡಿಸ್ಕಿನಲ್ಲೇ.

ನಿನ್ನ ಅಂಗಡಿಯಲ್ಲಿ ಕೂತು ಒಂದು ಹೊತ್ತು ನೋಡಿದ್ದೇನೆ. ನಿಡಗುಂದಿ, ಚಿಮ್ಮಲಗಿ, ಕೊಲ್ಹಾರದ ಕಡೆಯ ರೈತರು ಬರುತ್ತಾರೆ. ಚಡ್ಡಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಅದರೊಳಗಿಂದ ಆಧಾರ್, ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಜಾತಿ ಆದಾಯ ಪ್ರಮಾಣಪತ್ರ ಒಂದೊಂದಾಗಿ ನಿನ್ನ ಕೈಗೆ ಕೊಡುತ್ತಾರೆ. ನೀನು ಸ್ಕ್ಯಾನ್ ಮಾಡುತ್ತೀ, ಅರ್ಜಿ ಹಾಕುತ್ತೀ, ಕಾಗದ ತಿರುಗಿ ಕೊಡುತ್ತೀ. ಸ್ಕ್ಯಾನ್ ಆದ ಫೈಲು ಎಲ್ಲಿ ಹೋಯಿತು? ಡೆಸ್ಕ್‌ಟಾಪಿನ ಮೇಲೆ "ನ್ಯೂ ಫೋಲ್ಡರ್ 47" ಅಂತ ಅಲ್ಲೇ ಬಿದ್ದಿದೆ. ಹೀಗೆ ವರ್ಷಾನುವರ್ಷ ಬಿದ್ದದ್ದು ಆ ಡಬ್ಬಿಗಳೊಳಗೆ ಈಗಲೂ ಇದೆ. ಮಂದಿಗೆ ತಮ್ಮ ಕಾಗದ ತಮ್ಮ ಚೀಲದಲ್ಲಿದೆ ಎಂಬ ಧೈರ್ಯ. ಅದರ ಇನ್ನೊಂದು ಪ್ರತಿ ನಿನ್ನ ಕೋಣೆಯಲ್ಲಿದೆ ಎಂಬುದು ಅವರಿಗೆ ಹೊಳೆಯುವುದೂ ಇಲ್ಲ.

ಬೇರೆ ಊರಿನ ಅಂಗಡಿಗಿಂತ ನಿನ್ನ ಅಂಗಡಿಗೆ ಈ ಜವಾಬ್ದಾರಿ ಹೆಚ್ಚು. ಕೃಷ್ಣಾ ನೀರಿನ ವ್ಯಾಜ್ಯದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಕೊಟ್ಟ ತೀರ್ಪಿನಂತೆ ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕು. ಮುಳುಗುವ ಹೊಲಕ್ಕೆ ನೀರಾವರಿಯದಾದರೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಈಗ ಲೆಕ್ಕ ಹಾಕು. ಯಾರ ಹೆಸರಿಗೆ ಎಷ್ಟು ಎಕರೆ, ಅವರ ಖಾತೆ ನಂಬರು ಯಾವುದು, ಫೋನ್ ನಂಬರು ಯಾವುದು, ಸಹಿ ಹೇಗಿದೆ, ಮನೆಯಲ್ಲಿ ಓದು ಬರೆಹ ಬಾರದವರು ಯಾರು. ಇಷ್ಟೂ ವಿಷಯ ಒಂದೇ ಡಿಸ್ಕಿನಲ್ಲಿ ಕೂಡಿದೆ. ಮೋಸಗಾರನೊಬ್ಬ ಹುಡುಕುತ್ತ ತಿರುಗಿದರೂ ಇಷ್ಟು ಅಚ್ಚುಕಟ್ಟಾದ ಪಟ್ಟಿ ಅವನಿಗೆ ಬೇರೆ ಎಲ್ಲೂ ಸಿಗುವುದಿಲ್ಲ. ಅದನ್ನು ನೀನು ಕಿಲೋ ಲೆಕ್ಕದಲ್ಲಿ ಮೋಡಕಾಕ್ಕೆ ಹಾಕಿದರೆ ನಾಳೆ ಯಾವನೋ ಫೋನು ಮಾಡಿ ಹೆಸರು ಹಿಡಿದು ಕರೆದು, ನಿಮ್ಮ ಪರಿಹಾರದ ಹಣ ಬಂದೈತಿ, ಓಟಿಪಿ ಹೇಳ್ರಿ ಅಂದಾಗ ಆ ರೈತ ನಂಬದೆ ಏನು ಮಾಡುತ್ತಾನೆ? ಮಂದಿಯ ಗುರುತಿನ ಮಾಹಿತಿ ಕಾಯುವ ಹೊಣೆಯನ್ನು ಅದನ್ನು ಇಟ್ಟುಕೊಂಡವರ ಮೇಲೆ ಹೊರಿಸುವ ಕಾಯಿದೆಯೇ 2023ರಲ್ಲಿ ಬಂದಿದೆ. ಕಾಯಿದೆಯ ಮಾತು ಬಿಡು, ಇದೇ ಊರಲ್ಲಿ ನೀನು ನಾಳೆಯೂ ಮುಖ ಎತ್ತಿ ತಿರುಗಾಡಬೇಕು.

ಹಾಗಾದರೆ ಎಲ್ಲ ಅಳಿಸಿಬಿಡುತ್ತೇನೆ ಅಂತ ಒಮ್ಮೆಗೇ ಕೈ ಹಾಕಬೇಡ. ಮೊದಲು ಬೇಕಾದದ್ದು ಹೊರಗೆ ಬರಲಿ. ನಿನ್ನ ಅಂಗಡಿಯ ಸ್ವಂತ ಲೆಕ್ಕ, ಟ್ಯಾಲಿಯ ಡೇಟಾ ಫೋಲ್ಡರು, ಜಿಎಸ್‌ಟಿ ಕಾಗದ ಇವನ್ನು ಎರಡು ಕಡೆ ನಕಲು ಮಾಡು. ಒಂದು ಅಂಗಡಿಯಲ್ಲಿರಲಿ, ಒಂದು ಮನೆಯಲ್ಲಿರಲಿ. ನಕಲು ಮಾಡಿದ ಮೇಲೆ ಬೇರೆ ಮಷೀನಿನಲ್ಲಿ ತೆರೆದು ನೋಡು. ತೆರೆದು ನೋಡದ ನಕಲು ನಕಲೇ ಅಲ್ಲ. ಟ್ಯಾಲಿಯ ಲೈಸೆನ್ಸು ಹಳೆಯ ಮಷೀನಿಗೆ ಅಂಟಿಕೊಂಡಿರುತ್ತದೆ, ಅದರಲ್ಲೇ ಕೂತು ಲೈಸೆನ್ಸ್ ಸರೆಂಡರ್ ಮಾಡಿ ಆಮೇಲೆ ಹೊಸದರಲ್ಲಿ ಚಾಲೂ ಮಾಡು. ಬ್ರೌಸರಿನೊಳಗೆ ಉಳಿದ ಪಾಸ್‌ವರ್ಡುಗಳು, ಲಾಗಿನ್ ಆಗಿಯೇ ಇರುವ ಜಿಮೇಲು, ವಾಟ್ಸಾಪ್ ವೆಬ್ ಎಲ್ಲದರಿಂದ ಹೊರಗೆ ಬಾ.

ಇನ್ನೊಂದು ಇದೆ, ಇಂಗ್ಲಿಷಿನಲ್ಲಿ ಬರೆಯುವ ಮಂದಿಗೆ ಇದರ ತ್ರಾಸು ಗೊತ್ತಿಲ್ಲ. ಹಳೆಯ ಡಬ್ಬಿಗಳಲ್ಲಿ ನುಡಿ, ಶ್ರೀಲಿಪಿ, ಆಕೃತಿಯಲ್ಲಿ ಟೈಪು ಮಾಡಿದ ಫೈಲುಗಳಿರುತ್ತವೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸಂಘದ ಠರಾವು, ಭಜನಾ ಮಂಡಳಿಯ ಹಾಡಿನ ಪುಸ್ತಕ, ಯಾರೋ ಮಾಸ್ತರರ ಕವನಸಂಕಲನ. ಅವೆಲ್ಲ ಯುನಿಕೋಡ್ ಅಲ್ಲ. ಹಳೆಯ ಮಷೀನಿನಲ್ಲಿ ಫಾಂಟು ಇರುವ ತನಕ ಕನ್ನಡವಾಗಿ ಕಾಣುತ್ತವೆ. ಹೊಸದಕ್ಕೆ ಫೈಲಷ್ಟೇ ಒಯ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗುತ್ತವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲೇ ಯುನಿಕೋಡಿಗೆ ಬದಲಿಸುವ ಸೌಲಭ್ಯ ಇದೆ. ಬದಲಿಸಿ, ಒತ್ತಕ್ಷರ, ಅರ್ಕಾವೊತ್ತು ಎಲ್ಲಿ ಕೆಟ್ಟಿವೆ ಎಂದು ಕಣ್ಣಾಡಿಸಿ, ಜೊತೆಗೆ ಒಂದು ಪಿಡಿಎಫ್ ಕೂಡ ತೆಗೆದಿಡು. ಮೂಲ ಫೈಲು, ಫಾಂಟು ಎರಡನ್ನೂ ಒಂದೇ ಫೋಲ್ಡರಿನಲ್ಲಿ ಉಳಿಸು. ನಮ್ಮ ತಾಲೂಕುಗಳ ಸಣ್ಣ ಡಿಟಿಪಿ ಅಂಗಡಿಗಳಲ್ಲಿ ಎಷ್ಟು ಪುಸ್ತಕ ಹೀಗೆ ಹಾಳಾಗಿವೆಯೋ ದೇವರೇ ಬಲ್ಲ. ಅಚ್ಚಾದ ಪ್ರತಿ ಮುಗಿದಿರುತ್ತದೆ, ಬರೆದವರು ತೀರಿಕೊಂಡಿರುತ್ತಾರೆ, ಫೈಲು ಮಾತ್ರ ಯಾವುದೋ ಡಬ್ಬಿಯಲ್ಲಿರುತ್ತದೆ. ಆ ಮಾಸ್ತರರ ಮಕ್ಕಳಿಗೆ ಫೋನು ಮಾಡಿ, ನಿಮ್ಮ ತಂದೆಯವರ ಪುಸ್ತಕ ನಮ್ಮ ಕಡೆ ಐತಿ, ಪೆನ್‌ಡ್ರೈವ್ ತಗೊಂಡು ಬರ್ರಿ ಅಂತ ಹೇಳು. ರೊಕ್ಕ ಕೇಳಬೇಡ.

ಇಷ್ಟಾದ ಮೇಲೆ ಅಳಿಸು. ಡಿಲೀಟ್ ಒತ್ತಿದರೆ, ರಿಸೈಕಲ್ ಬಿನ್ ಖಾಲಿ ಮಾಡಿದರೆ ಫೈಲು ಹೋಗುವುದಿಲ್ಲ; ಅದರ ವಿಳಾಸ ಹೋಗುತ್ತದೆ, ಮನೆ ಹಾಗೇ ನಿಂತಿರುತ್ತದೆ. ಕ್ವಿಕ್ ಫಾರ್ಮ್ಯಾಟೂ ಅಷ್ಟೇ. ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರ್ ಹಾಕಿ ಕಾಲೇಜು ಹುಡುಗನೂ ಅದನ್ನು ಎತ್ತಬಲ್ಲ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಇಡೀ ಡಿಸ್ಕಿನ ಮೇಲೆ ಹೊಸದಾಗಿ ಬರೆದು ಮುಚ್ಚಬೇಕು. ವಿಂಡೋಸಿನ ರಿಸೆಟ್‌ನಲ್ಲಿ ಎಲ್ಲವನ್ನೂ ತೆಗೆ ಎಂಬುದರ ಜೊತೆಗೆ ಡ್ರೈವ್ ಸ್ವಚ್ಛ ಮಾಡುವ ಆಯ್ಕೆಯೂ ಇದೆ, ಅದನ್ನು ಆನ್ ಮಾಡು. ತಾಸುಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗು, ಯುಪಿಎಸ್ ಸರಿ ಇರಲಿ. ಎಸ್‌ಎಸ್‌ಡಿಗೆ ಮೇಲೆ ಬರೆಯುವ ಉಪಾಯ ನೆಟ್ಟಗೆ ನಡೆಯುವುದಿಲ್ಲ, ಅದು ಬರೆಯುವ ಜಾಗವನ್ನು ತಾನೇ ಒಳಗೊಳಗೆ ಬದಲಿಸುತ್ತಿರುತ್ತದೆ. ಅದಕ್ಕೆ ತಯಾರಿಸಿದ ಕಂಪನಿಯದೇ ಸೆಕ್ಯೂರ್ ಇರೇಸ್ ಸಾಧನ ಇರುತ್ತದೆ, ಅದನ್ನು ಬಳಸು. ಚಾಲೂ ಆಗದ ಡಿಸ್ಕನ್ನು ಸ್ಕ್ರೂಡ್ರೈವರ್ ಹಿಡಿದು ಹೊರತೆಗೆದು ಒಳಗಿನ ತಟ್ಟೆಗಳನ್ನು ಕೆಡಿಸಬೇಕು. ಜೋಕೆ, ಲ್ಯಾಪ್‌ಟಾಪಿನ ಸಣ್ಣ ಡಿಸ್ಕುಗಳ ತಟ್ಟೆ ಬಹಳ ಸಲ ಗಾಜಿನದು. ಸುತ್ತಿಗೆ ಏಟಿಗೆ ಸಿಡಿಯುತ್ತದೆ. ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊಡೆ. ದೊಡ್ಡ ಡಿಜಿಟಲ್ ಝೆರಾಕ್ಸ್ ಮಷೀನನ್ನೂ ಬದಲಿಸುವುದಿದ್ದರೆ ಅದರೊಳಗೂ ಹಾರ್ಡ್ ಡಿಸ್ಕ್ ಇರಬಹುದು, ಮೆಕ್ಯಾನಿಕ್ಕನ್ನು ಕೇಳಿ ನೋಡು. ನೀನು ತೆಗೆದ ಆಧಾರ್ ಝೆರಾಕ್ಸು ಅಲ್ಲೂ ಉಳಿದೀತು.

ಈಗ ಚಾಲೂ ಇರುವ ಮಷೀನುಗಳ ಮಾತು. ಅವನ್ನು ಮಾರುವುದಾದರೆ ಹೊಸದರ ಆರ್ಡರ್ ಕೊಡುವ ಮೊದಲೇ ಎಕ್ಸ್‌ಚೇಂಜಿಗೆ ಎಷ್ಟು ಮುರಿದುಕೊಳ್ಳುತ್ತೀರಿ ಅಂತ ಕೇಳು; ಆರ್ಡರ್ ಕೊಟ್ಟ ಮೇಲೆ ಕೇಳಿದರೆ ಅವನು ಕೊಟ್ಟದ್ದೇ ಬೆಲೆ. ಶಾಲೆಗೆ ಕೊಡುತ್ತೇನೆ ಅನ್ನುತ್ತೀಯಾ, ಕೊಡು. ಆದರೆ ದಾನದ ಹೆಸರಿನಲ್ಲಿ ಕಸ ದಾಟಿಸಬೇಡ. ನಮ್ಮ ಕಡೆ ಎಷ್ಟೋ ಶಾಲೆಗಳಿಗೆ ಹೀಗೆ ಬಂದ ಕಂಪ್ಯೂಟರುಗಳ ಮುಂದೆ ಫೋಟೋ ತೆಗೆಸಿಕೊಂಡದ್ದೊಂದೇ ಬಳಕೆ. ಹಾರ್ಡ್ ಡಿಸ್ಕ್ ತೆಗೆದು ಸಣ್ಣ ಎಸ್‌ಎಸ್‌ಡಿ ಹಾಕು, ರ್‍ಯಾಮ್ ನಾಲ್ಕು ಜಿಬಿ ಇದ್ದದ್ದನ್ನು ಎಂಟಕ್ಕೆ ಏರಿಸು, ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಬದಲಿಸು, ಧೂಳು ಊದು. ಲಿನಕ್ಸ್ ಮಿಂಟ್ ಇಲ್ಲವೇ ಉಬುಂಟು ಹಾಕಿದರೆ ವಿಂಡೋಸ್ 11 ಬೇಡವೆಂದ ಮಷೀನೇ ಮಕ್ಕಳ ಕೈಯಲ್ಲಿ ಇನ್ನೂ ನಾಲ್ಕೈದು ವರ್ಷ ಓಡುತ್ತದೆ. ಕೇರಳದ ಸರಕಾರಿ ಶಾಲೆಗಳು ಬಹಳ ವರ್ಷಗಳಿಂದ ಇಂಥ ಮುಕ್ತ ತಂತ್ರಾಂಶದ ಮೇಲೆಯೇ ನಡೆದಿವೆ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ನೆಟ್ಟಿಲ್ಲದ ಶಾಲೆಗೆ ಕಿವಿಕ್ಸ್ ಎಂಬ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯವನ್ನೇ ಡಿಸ್ಕಿಗೆ ಇಳಿಸಿಕೊಡು. ಕೊಟ್ಟ ಮೇಲೆ ಒಂದು ವರ್ಷ ಕೆಟ್ಟರೆ ನಾನೇ ಬಂದು ನೋಡುತ್ತೇನೆ ಅನ್ನುವ ಧೈರ್ಯ ಇದ್ದಷ್ಟೇ ಮಷೀನು ಕೊಡು. ಎರಡು ಅನಿಸಿದರೆ ಎರಡು.

ನಿನ್ನ ತಂಗಿ ಹೈಸ್ಕೂಲಿನಲ್ಲಿ ಮಾಸ್ತರಬಾಯಿ ಇದ್ದಾಳಲ್ಲ, ಅವಳಿಗೂ ಇದನ್ನು ಓದಿ ಹೇಳು. ಸರಕಾರದ ಮಾಹಿತಿ ಸಿಂಧು ಯೋಜನೆಯ ಕಾಲದ ಕಂಪ್ಯೂಟರು ಇನ್ನೂ ಕೆಲವು ಶಾಲೆಗಳ ಕೋಣೆಯಲ್ಲಿ ಬೀಗ ಹಾಕಿಸಿಕೊಂಡು ಕೂತಿವೆ. ಹೆಡ್‌ಮಾಸ್ತರರಿಗೆ ಡೆಡ್ ಸ್ಟಾಕ್ ರಜಿಸ್ಟರಿನ ಭಯ: ಸಾಮಾನು ಹೋದರೆ ತಮ್ಮ ಪಿಂಚಣಿಗೆ ಬಂದೀತು ಅಂತ. ಹೋಗುವುದಕ್ಕೂ ರೀತಿ ಇದೆ. ಪಟ್ಟಿ ಮಾಡಿ, ತಂತ್ರಜ್ಞಾನ ಬಲ್ಲವರಿಂದ ನಿರುಪಯುಕ್ತ ಎಂದು ಬರೆಸಿಕೊಂಡು, ಮೇಲಿನವರಿಗೆ ಪತ್ರ ಬರೆದು ಒಪ್ಪಿಗೆ ಪಡೆದು ರಜಿಸ್ಟರಿನಲ್ಲಿ ಕಮ್ಮಿ ಮಾಡುವುದು. ಬಾಯಿಮಾತಿನಲ್ಲಿ ಒಂದು ಕೀಬೋರ್ಡನ್ನೂ ಗೇಟಿನ ಹೊರಗೆ ಬಿಡಬೇಡ ಅಂತ ಹೇಳು. ಹೊಸ ಲ್ಯಾಬು ಮಂಜೂರಾಗುವ ಸುದ್ದಿ ಬಂದಾಗಲೇ ಆ ಪತ್ರ ಹೋಗಿರಬೇಕು. ಜಾಗ ಇಲ್ಲ ಎಂದು ಹೊಸ ಪೆಟ್ಟಿಗೆಗಳನ್ನು ಬಿಚ್ಚದೇ ವೆರಾಂಡಾದಲ್ಲಿ ಇಟ್ಟು ವಾರಂಟಿ ಕಳೆದ ಕತೆಗಳು ನಮ್ಮ ಇಲಾಖೆಗಳಲ್ಲಿ ಬೇಕಾದಷ್ಟಿವೆ.

ಉಳಿದದ್ದು ಯಾರಿಗೂ ಬೇಡವಾದ ರಾಶಿ. ಮೋಡಕಾದವನು ಕೈಗಾಡಿ ತಳ್ಳಿಕೊಂಡು ಬಂದೇ ಬರುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಊರಿನ ತಗಡು, ಬಾಟಲಿ, ರದ್ದಿ ಅವನಿಲ್ಲದಿದ್ದರೆ ಎಲ್ಲಿ ಹೋಗಬೇಕು? ಕಂಪ್ಯೂಟರ್ ಮಾತ್ರ ಅವನ ಕೈಯಲ್ಲಿ ಅವನಿಗೇ ವಿಷ. ತಾಮ್ರಕ್ಕಾಗಿ ವೈರನ್ನು ಊರ ಹೊರಗೆ ಸುಡುತ್ತಾರೆ. ಮೇಲಿನ ಪಿವಿಸಿ ಸುಟ್ಟಾಗ ಡಯಾಕ್ಸಿನ್ ಹುಟ್ಟುತ್ತದೆ. ಬೋರ್ಡಿನ ತುದಿಯ ಗುಂಜಿಯಷ್ಟಿಲ್ಲದ ಚಿನ್ನಕ್ಕಾಗಿ ದೊಡ್ಡ ಊರುಗಳಲ್ಲಿ ಆಸಿಡ್ಡಿನಲ್ಲಿ ಅದ್ದುತ್ತಾರೆ, ಆ ಆಸಿಡ್ಡು ಚರಂಡಿಗೆ. ಅಟ್ಟದ ಮೇಲಿನ ದಪ್ಪ ಮಾನಿಟರಿನ ಗಾಜಿನಲ್ಲಿ ಒಂದೆರಡು ಕಿಲೋ ಸೀಸ ಬೆರೆತಿರುತ್ತದೆ. ಹಿಂದಿನ ತಾಮ್ರದ ಸುರುಳಿ ಕಿತ್ತುಕೊಂಡು ಗಾಜನ್ನು ಹಳ್ಳಕ್ಕೆ ಎಸೆಯುತ್ತಾರೆ. ನಮ್ಮ ಹಳ್ಳಗಳು ಎಲ್ಲಿ ಹೋಗಿ ಸೇರುತ್ತವೆ ಎಂದು ನಿನಗೆ ಹೇಳಬೇಕೇ? ವಿಜಯಪುರ ಪಟ್ಟಣದ ಮಂದಿ ಕುಡಿಯುವುದು ಕೊಲ್ಹಾರದ ಹತ್ತಿರ ಎತ್ತುವ ಇದೇ ಹಿನ್ನೀರನ್ನು. ಅಂದಹಾಗೆ ಆ ಮಾನಿಟರನ್ನು ಬಿಚ್ಚುವ ಹುರುಪು ನಿನಗೂ ಬೇಡ. ಪ್ಲಗ್ಗು ತೆಗೆದ ಮೇಲೂ ಒಳಗೆ ಜೋರು ವೋಲ್ಟೇಜ್ ಉಳಿದಿರಬಹುದು. ಹಾಗೇ ಇಡಿಯಾಗಿ ಇಳಿಸು, ಗಾಜು ಎದೆಯ ಕಡೆಗಿರಲಿ.

ಬ್ಯಾಟರಿಗಳನ್ನು ಮೊದಲೇ ಬೇರೆ ಮಾಡು. ಯುಪಿಎಸ್ಸಿನ ಸೀಸದ ಬ್ಯಾಟರಿಗೆ ದಾರಿ ಸಲೀಸು. ಹೊಸದು ಕೊಡುವ ಡೀಲರನೇ ಹಳೆಯದಕ್ಕೆ ರೊಕ್ಕ ಮುರಿದು ಒಯ್ಯುತ್ತಾನೆ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಒತ್ತಬೇಡ, ಚುಚ್ಚಬೇಡ, ಚಾರ್ಜಿಗೆ ಹಾಕಬೇಡ. ಬಿಸಿಲು ಬೀಳದ ಕಡೆ ಮರಳು ತುಂಬಿದ ಡಬ್ಬಿಯಲ್ಲಿಟ್ಟು ಬೇಗ ಸಾಗಿಸು. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಕೋಣೆಯಲ್ಲಿ ಅದು ಬೆಂಕಿ ಹಿಡಿದರೆ ಆಶ್ಚರ್ಯವಿಲ್ಲ.

ಕಾನೂನು ಏನನ್ನುತ್ತದೆ ಎಂದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮಾರಿದ ಕಂಪನಿಯೇ ಹಳೆಯದರ ವಿಲೇವಾರಿಗೆ ಹೊಣೆ. ಸಾವಿರ ಇಲ್ಲವೇ ಅದಕ್ಕಿಂತ ಹೆಚ್ಚು ಸಾಮಾನು ಇಟ್ಟುಕೊಂಡ ದೊಡ್ಡ ಸಂಸ್ಥೆಗಳು ನೋಂದಾಯಿತರಿಗೆ ಮಾತ್ರ ಒಪ್ಪಿಸಬೇಕು. ನಿನ್ನ ಅಂಗಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಬರುವುದಿಲ್ಲ ಅಂತ ಸೀಸದ ಗುಣ ಬದಲಾಗುವುದಿಲ್ಲವಲ್ಲ. 2022ರಲ್ಲಿ ಜಗತ್ತಿನ ತುಂಬ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಸರಿಯಾದ ರೀತಿಯಲ್ಲಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಮಿಕ್ಕದ್ದೆಲ್ಲ ನಿನ್ನ ಹಿಂದಿನ ಕೋಣೆಯಂಥ ಕೋಣೆಗಳಲ್ಲಿ, ಹಳ್ಳಗಳಲ್ಲಿ, ಕೈಗಾಡಿಗಳಲ್ಲಿ ಇದೆ.

ದಾರಿ ಇಲ್ಲದಿಲ್ಲ. ದೊಡ್ಡ ಕಂಪನಿಗಳು ತಮ್ಮ ಹಳೆಯ ಮಷೀನನ್ನು ತಿರುಗಿ ತೆಗೆದುಕೊಳ್ಳುವ ವ್ಯವಸ್ಥೆ ಇಟ್ಟಿವೆ, ಗ್ರಾಹಕ ಸೇವೆಗೆ ಫೋನು ಮಾಡಿ ಜಗ್ಗಿ ಕೇಳಬೇಕು. ಅಸೆಂಬಲ್ ಮಾಡಿಸಿದ ಡಬ್ಬಿಗೆ ಕಂಪನಿ ಯಾವುದು ಅಂತ ಹೇಳುವುದು? ಅಂಥವಕ್ಕೆ ನೋಂದಾಯಿತ ಮರುಬಳಕೆಯವರೇ ಗತಿ. ಅವರ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ಸಿಗುತ್ತದೆ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ ದೇಶದಲ್ಲೇ ಈ ಕೆಲಸಕ್ಕೆ ಸರಕಾರದ ಅನುಮತಿ ಪಡೆದ ಮೊದಲ ಘಟಕ. ನಮ್ಮ ರಾಜ್ಯವೇ ಮೊದಲು ಎಂದು ಹೆಮ್ಮೆ ಪಡೋಣ, ಆದರೆ ಆಲಮಟ್ಟಿಯಿಂದ ಅದು ನಾನೂರು ಕಿಲೋಮೀಟರಿಗೂ ಹೆಚ್ಚು. ನಿನ್ನ ನಾಲ್ಕು ಡಬ್ಬಿಗಾಗಿ ಯಾರೂ ಗಾಡಿ ಕಳಿಸುವುದಿಲ್ಲ. ಆದ್ದರಿಂದ ಒಬ್ಬನೇ ಮಾಡಬೇಡ. ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ನಿನ್ನಂಥ ಆನ್‌ಲೈನ್ ಅಂಗಡಿಯವರದು ಒಂದು ವಾಟ್ಸಾಪ್ ಗುಂಪು ಇದೆಯಲ್ಲ, ದಿನಾ ಬೆಳಗ್ಗೆ ಶುಭೋದಯ ಕಳಿಸಿಕೊಳ್ಳುತ್ತೀರಿ. ಅಲ್ಲೇ ಕೇಳು, ಯಾರ ಯಾರ ಕಡೆ ಎಷ್ಟು ಇದೆ ಅಂತ. ಸಿಂದಗಿ, ಇಂಡಿಯವರನ್ನೂ ಕೂಡಿಸು. ಒಂದು ಲೋಡು ಆಗುವಷ್ಟು ಸೇರಿದರೆ ಮರುಬಳಕೆಯವರಿಗೆ ಬರೆಯಿರಿ, ಬೆಲೆ ಮಾತಾಡುವ ಬಲವೂ ನಿಮಗೆ ಬರುತ್ತದೆ. ಬೆಂಗಳೂರಿನಿಂದ ಸಾಮಾನು ತಂದು ಇಳಿಸಿ ಖಾಲಿ ತಿರುಗುವ ಲಾರಿಗಳು ಹೆದ್ದಾರಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಅರ್ಧ ಬಾಡಿಗೆಗೆ ಬರುತ್ತವೆ.

ಕಳಿಸುವಾಗ ಹಾರ್ಡ್ ಡಿಸ್ಕ್ ಒಳಗಿಲ್ಲದ್ದನ್ನು ನೋಟುಬುಕ್ಕಿನ ಜೊತೆ ತಾಳೆ ನೋಡು. ತೂಕ, ನಗ, ದಿನಾಂಕ ಬರೆದ ರಸೀದಿ ಕೇಳಿ ಪಡೆ. ಅದನ್ನು ಹೊಸ ಮಷೀನುಗಳ ಬಿಲ್ಲಿನ ಫೈಲಿಗೇ ಸೇರಿಸು. ಹೊಸದು ಬಂದ ದಿನವೇ ಪ್ರತಿಯೊಂದರ ಸೀರಿಯಲ್ ನಂಬರು, ವಾರಂಟಿ ಮುಗಿಯುವ ತಾರೀಕು, ಯಾವ ಲೈಸೆನ್ಸ್ ಯಾವುದರಲ್ಲಿದೆ ಎಂಬುದನ್ನು ಅದೇ ನೋಟುಬುಕ್ಕಿನ ಮುಂದಿನ ಹಾಳೆಯಲ್ಲಿ ಬರೆ. ಮಂದಿಯ ಸ್ಕ್ಯಾನ್‌ಗಳಿಗೆಲ್ಲ ಒಂದೇ ಫೋಲ್ಡರ್ ಮಾಡು, ಪ್ರತಿ ಶನಿವಾರ ಅಂಗಡಿ ಮುಚ್ಚುವ ಮೊದಲು ಅದನ್ನು ಖಾಲಿ ಮಾಡುವ ಕೆಲಸವನ್ನು ಅಂಗಡಿಯ ಹುಡುಗನಿಗೆ ವಹಿಸು. ಅಟ್ಟದ ಮೇಲಿನ ಮಾನಿಟರು ಇಳಿಸಲು ಇಬ್ಬರು ಬೇಕು. ನಿಮ್ಮಪ್ಪನಿಗೆ ಮೊಣಕಾಲು ನೋವು, ಅವರನ್ನು ನಿಚ್ಚಣಿಕೆ ಹತ್ತಿಸಬೇಡ.

ನಿನ್ನ ಮಾಮಾ